ಕೋವಿಡ್ ಕಾಲದ ಅಪೆಂಡಿಕ್ಸ್: ಗಂಟೆಗಳು ಎಲ್ಲೆಲ್ಲಿ ಸೋರುತ್ತವೆ?

2020ರ ಮಾರ್ಚ್ 25ರಂದು ದೇಶ ಬಾಗಿಲು ಹಾಕಿಕೊಂಡಾಗ ಶಿವಮೊಗ್ಗ ಜಿಲ್ಲೆಯಲ್ಲಿ ಒಂದೂ ಕೊರೊನಾ ಪ್ರಕರಣ ಇರಲಿಲ್ಲ. ಏಪ್ರಿಲ್ ಪೂರ್ತಿ ಇರಲಿಲ್ಲ. ಹಸಿರು ವಲಯ ಎಂಬ ಹೆಮ್ಮೆ ಮುರಿದದ್ದು ಮೇ 10ರಂದು, ಅಹಮದಾಬಾದಿನಿಂದ ಬಂದ ಎಂಟು ಮಂದಿಯಲ್ಲಿ ಸೋಂಕು ಪತ್ತೆಯಾದಾಗ. ಅಲ್ಲಿಗೆ ಹೆಚ್ಚುಕಡಿಮೆ ಒಂದೂವರೆ ತಿಂಗಳು ಈ ಜಿಲ್ಲೆಯ ಲೆಕ್ಕದಲ್ಲಿ ಕಾಯಿಲೆ ಇರಲಿಲ್ಲ. ಬ್ಯಾರಿಕೇಡ್ ಇತ್ತು, ಮುಚ್ಚಿದ ಕ್ಲಿನಿಕ್ ಇತ್ತು, ಡಿಪೋದಲ್ಲಿ ನಿಂತ ಬಸ್ಸಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಆಸ್ಪತ್ರೆ ಎಂದರೆ ಭಯವಿತ್ತು. ಆ ದಿನಗಳಲ್ಲಿ ಶಿವಮೊಗ್ಗದ ಸವಳಂಗ ರಸ್ತೆಯಲ್ಲೋ ಭದ್ರಾವತಿಯಲ್ಲೋ ಯಾರಿಗಾದರೂ ಬಲಗಡೆ ಕೆಳಹೊಟ್ಟೆ ನೋಯತೊಡಗಿದ್ದರೆ, ವೈರಸ್ ಹತ್ತಿರ ಸುಳಿಯದೆಯೂ ಅವರು ಸಾಂಕ್ರಾಮಿಕದ ಪೆಟ್ಟು ತಿನ್ನುವ ಸಾಲಿನಲ್ಲಿದ್ದರು.

ಊರಿಗೆ ಬೀಗ ಬಿದ್ದಿದೆ ಎಂದು ಅಪೆಂಡಿಕ್ಸ್ ಊದಿಕೊಳ್ಳುವುದನ್ನು ಮುಂದಕ್ಕೆ ಹಾಕುವುದಿಲ್ಲ. ಆ ವರ್ಷ ಬೇರೆ ಬೇರೆ ದೇಶಗಳ ಶಸ್ತ್ರಚಿಕಿತ್ಸಕರು ಹೆಚ್ಚುಕಡಿಮೆ ಒಂದೇ ಸಂಗತಿ ಬರೆದರು: ಅಪೆಂಡಿಕ್ಸ್ ನೋವೆಂದು ಬರುವವರ ಸಂಖ್ಯೆ ಇಳಿಯಿತು, ಬಂದವರಲ್ಲಿ ಅಪೆಂಡಿಕ್ಸ್ ಒಡೆದವರ, ಕೀವು ಕಟ್ಟಿದವರ ಪಾಲು ಏರಿತು. ಬರದೇ ಉಳಿದವರೆಲ್ಲ ಏನಾದರು ಎಂಬುದರ ಬಗ್ಗೆ ವೈದ್ಯರಲ್ಲಿ ಇಂದಿಗೂ ಚರ್ಚೆಯಿದೆ. ಸೌಮ್ಯವಾದ ಕೆಲವು ಉರಿಯೂತ ತಾನಾಗಿಯೇ ಇಳಿದಿರಬಹುದು. ಆದರೆ ಯಾವುದು ಇಳಿಯುತ್ತದೆ, ಯಾವುದು ಒಡೆಯುತ್ತದೆ ಎಂದು ಮನೆಯಲ್ಲಿ ಕೂತು ಹೇಳುವ ವಿದ್ಯೆ ಯಾರಿಗೂ ಒಲಿದಿಲ್ಲ.

ಸಾಂಕ್ರಾಮಿಕದಲ್ಲಿ ಅಪೆಂಡಿಕ್ಸ್ ರೋಗಿ ಕಳೆದುಕೊಳ್ಳುವುದು ಸಮಯವನ್ನು. ಆ ಸಮಯ ಮೂರು ಕಡೆ ಸೋರುತ್ತದೆ: ಮನೆಯಲ್ಲಿ, ದಾರಿಯಲ್ಲಿ, ಆಸ್ಪತ್ರೆಯ ಬಾಗಿಲಲ್ಲಿ. ಬೈಸಿಕೊಳ್ಳುವುದು ಸಾಮಾನ್ಯವಾಗಿ ಮೂರನೆಯದು. ನನ್ನ ಮಟ್ಟಿಗೆ ದೊಡ್ಡ ತೂತು ಮೊದಲನೆಯದು. ಅದನ್ನು ಮುಚ್ಚುವುದು ಸುಲಭ ಕೂಡ, ಏಕೆಂದರೆ ಅದಕ್ಕೆ ಯಾರ ಅನುಮತಿಯೂ ಬೇಡ.

ಮನೆಯೊಳಗಿನ ಮೂವತ್ತಾರು ಗಂಟೆ

ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ ಕಿರುಬೆರಳಿನಷ್ಟು ಉದ್ದದ ಒಂದು ಕೊಳವೆ ನೇತಾಡುತ್ತಿರುತ್ತದೆ. ಒಂದು ತುದಿ ಮುಚ್ಚಿದ ಓಣಿ ಅದು. ಗಟ್ಟಿಯಾದ ಮಲದ ಉಂಡೆಯೋ ಊದಿದ ಗ್ರಂಥಿಯ ಅಂಗಾಂಶವೋ ಅದರ ಬಾಯಿಗೆ ಅಡ್ಡ ಕೂತರೆ ಒಳಗೆ ಒತ್ತಡ ಏರುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತದೆ, ಗೋಡೆಗೆ ರಕ್ತ ಸಿಗದೆ ಕೊಳೆಯುತ್ತದೆ, ಕೊನೆಗೆ ತೂತು ಬೀಳುತ್ತದೆ. ಪಾಶ್ಚಾತ್ಯ ದೇಶಗಳ ಲೆಕ್ಕದಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಬರುವ ಕಾಯಿಲೆ. ಹತ್ತರಿಂದ ಮೂವತ್ತರ ವಯಸ್ಸಿನವರಲ್ಲಿ ಹೆಚ್ಚು.

2020ರ ಏಪ್ರಿಲ್ ಎಂದಿಟ್ಟುಕೊಳ್ಳಿ. ಸವಳಂಗ ರಸ್ತೆಯ ಅಬ್ಬಲಗೆರೆಯಲ್ಲಿ ಒಂದು ಮನೆ. ದ್ವಿತೀಯ ಪಿಯುಸಿ ಹುಡುಗ. ಮಾರ್ಚ್ 23ಕ್ಕೆ ಆಗಬೇಕಿದ್ದ ಇಂಗ್ಲಿಷ್ ಪರೀಕ್ಷೆ ಮುಂದಕ್ಕೆ ಹೋಗಿದೆ (ಅದು ನಡೆದದ್ದು ಜೂನ್ 18ಕ್ಕೆ), ಪುಸ್ತಕ ಮಡಿಲಲ್ಲೇ ಇದೆ. ರಾತ್ರಿ ಒಂಬತ್ತಕ್ಕೆ ಊಟ ಬೇಡ ಎನ್ನುತ್ತಾನೆ.

“ಏನಾಯ್ತೋ? ಮಧ್ಯಾಹ್ನ ಹಲಸಿನಕಾಯಿ ಪಲ್ಯ ಜಾಸ್ತಿ ತಿಂದೆ ಕಣೋ.”

“ಹೊಕ್ಕಳ ಸುತ್ತ ಹಿಂಡ್ತಾ ಇದೆ ಅಮ್ಮಾ. ವಾಂತಿ ಬರೋ ಹಂಗೆ ಆಗ್ತಿದೆ.”

ಜೀರಿಗೆ ಕಷಾಯ ಬರುತ್ತದೆ. ಅಪ್ಪನ ಗ್ಯಾಸ್ಟ್ರಿಕ್ ಮಾತ್ರೆ ಬರುತ್ತದೆ. ನಮ್ಮಲ್ಲಿ ಎದೆಯಿಂದ ತೊಡೆಯವರೆಗೆ ಎಲ್ಲಿ ನೋವು ಬಂದರೂ ಅದರ ಹೆಸರು ಗ್ಯಾಸ್ಟ್ರಿಕ್ಕೇ. ಮಧ್ಯರಾತ್ರಿ ಒಮ್ಮೆ ವಾಂತಿ. ಬೆಳಗಿನ ಜಾವ ನಾಲ್ಕಕ್ಕೆ ನೋವು ಹೊಕ್ಕಳು ಬಿಟ್ಟು ಬಲಗಡೆ ಕೆಳಕ್ಕೆ ಇಳಿದು ಅಲ್ಲೇ ನಿಂತಿದೆ. ಹುಡುಗ ಬಲ ಮೊಣಕಾಲು ಮಡಚಿಕೊಂಡು ಮಲಗಿದ್ದಾನೆ, ಮಗ್ಗುಲು ಬದಲಿಸಲು ಒಲ್ಲ.

ಹೊರಡಬೇಕಾದ ಹೊತ್ತು ಇದು. ಹೊಕ್ಕಳಿನ ಸುತ್ತ ಶುರುವಾಗಿ ಕೆಲವು ಗಂಟೆಗಳಲ್ಲಿ ಬಲ ಕೆಳಹೊಟ್ಟೆಗೆ ಸರಿಯುವ ನೋವು, ಅದರ ಜೊತೆ ಹಸಿವು ಸತ್ತಿರುವುದು, ನೋವು ಬಂದ ಮೇಲೆ ಆಗುವ ವಾಂತಿ: ಈ ಮೂರು ಒಟ್ಟಿಗೆ ಕಂಡರೆ ಕಷಾಯದ ಕಾಲ ಮುಗಿಯಿತು ಎಂದೇ ಅರ್ಥ. ಎಲ್ಲರಲ್ಲೂ ಹೀಗೆಯೇ ಆಗುವುದಿಲ್ಲ. ಅಪೆಂಡಿಕ್ಸ್ ದೊಡ್ಡ ಕರುಳಿನ ಹಿಂದೆ ಮಡಚಿಕೊಂಡಿದ್ದರೆ ನೋವು ಪಕ್ಕೆಯಲ್ಲಿ, ಸೊಂಟದಲ್ಲಿ ಕಾಣಬಹುದು; ಕೆಳಕ್ಕೆ ಇಳಿಬಿದ್ದಿದ್ದರೆ ಭೇದಿ, ಉರಿಮೂತ್ರ ಎಂದು ದಾರಿ ತಪ್ಪಿಸಬಹುದು.

ನಮ್ಮ ಕಥೆಯ ಮನೆಯವರು ಹೊರಡಲಿಲ್ಲ. ಬೆಳಗ್ಗೆ ಆರಕ್ಕೆ ಮೈ ಸ್ವಲ್ಪ ಬಿಸಿಯಾಗಿತ್ತು. ಇಲ್ಲಿ ಸಾಂಕ್ರಾಮಿಕ ಮನೆಯೊಳಗೆ ಕಾಲಿಟ್ಟಿತು. “ಜ್ವರ ಅಂದ್ರೆ ಫೀವರ್ ಕ್ಲಿನಿಕ್‌ಗೆ ಕಳಿಸ್ತಾರೆ. ಗಂಟಲ ದ್ರವ ತೆಗೀತಾರೆ. ರಿಪೋರ್ಟ್ ಬರೋ ತನಕ ಇಟ್ಕೋತಾರೆ. ಊರಲ್ಲಿ ಏನಂದ್ಕೋತಾರೆ?” ಅಪೆಂಡಿಕ್ಸ್ ಊದಿದಾಗ ಜ್ವರ ಬರುವುದು ಅದರ ಲಕ್ಷಣವೇ. ಆ ಕಾಲದಲ್ಲಿ ಜ್ವರಕ್ಕೆ ಬೇರೆ ಅರ್ಥವೇ ಉಳಿದಿರಲಿಲ್ಲ. ಜ್ವರದ ಭಯ ಈ ಜಿಲ್ಲೆಗೆ ಹೊಸದೇನೂ ಅಲ್ಲ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಹೆಸರು ಹೊತ್ತ ಮಂಗನ ಕಾಯಿಲೆ 1957ರಿಂದ ಇಲ್ಲಿದೆ, ಬೇಸಿಗೆಯ ಮುಂಚಿನ ತಿಂಗಳುಗಳಲ್ಲಿ ಮಲೆನಾಡಿನ ಜ್ವರವನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಮಂಗನ ಕಾಯಿಲೆಗೆ ಹೆದರಿದವರು ಆಸ್ಪತ್ರೆಗೆ ಓಡುತ್ತಿದ್ದರು. ಕೊರೊನಾಕ್ಕೆ ಹೆದರಿದವರು ಆಸ್ಪತ್ರೆಯಿಂದ ಓಡಿದರು.

ಮಧ್ಯಾಹ್ನ ನೆರೆಮನೆಯ ಅಜ್ಜಿ ಬಂದು ಬಟ್ಟಿ ಜಾರಿದೆ ಎಂದು ಎಣ್ಣೆ ಹಚ್ಚಿ ಹೊಟ್ಟೆ ತೀಡಿದರು. ಇನ್ನೊಬ್ಬರು ಹರಳೆಣ್ಣೆ ಕುಡಿಸಿ ಎಂದರು. ಈ ಎರಡನ್ನೂ ಕೈಮುಗಿದು ತಡೆಯಿರಿ. ಊದಿದ ಅಪೆಂಡಿಕ್ಸ್ ಇರುವ ಹೊಟ್ಟೆಯನ್ನು ತೀಡುವುದು, ಭೇದಿ ಮಾಡಿಸುವುದು, ಎನಿಮಾ ಕೊಡುವುದು ಒಡೆಯುವ ಅಪಾಯವನ್ನು ಹತ್ತಿರ ತರುತ್ತದೆ. ಬಿಸಿನೀರಿನ ಚೀಲವೂ ಬೇಡ. ನೋವಿನ ಮಾತ್ರೆ ಕೊಟ್ಟಿದ್ದರೆ ಅದು ಮಹಾಪರಾಧವಲ್ಲ. ಹಿಂದೆಲ್ಲ ಬೈಯುತ್ತಿದ್ದರು, ಈಗಿನ ವೈದ್ಯರು ಅಷ್ಟು ಹೆದರುವುದಿಲ್ಲ. ಯಾವ ಮಾತ್ರೆ, ಎಷ್ಟು ಗಂಟೆಗೆ ಎಂದು ಹೇಳಿದರೆ ಸಾಕು. ಮನೆಯಲ್ಲಿ ಉಳಿದಿದ್ದ ಹಳೆಯ ಆಂಟಿಬಯೋಟಿಕ್ ಎರಡು ಗುಳಿಗೆ ನುಂಗಿಸುವುದು ಮಾತ್ರ ತಪ್ಪೇ ತಪ್ಪು: ಕಾಯಿಲೆ ವಾಸಿಯಾಗುವುದಿಲ್ಲ, ಲಕ್ಷಣ ಮಸುಕಾಗುತ್ತದೆ.

ಸಂಜೆ ಹುಡುಗ “ಈಗ ಪರವಾಗಿಲ್ಲಮ್ಮಾ” ಎಂದ. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಇಡೀ ಪ್ರಸಂಗದಲ್ಲಿ ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವ ಕ್ಷಣ ಇದು. ಜೋರಾಗಿದ್ದ ನೋವು ಹಠಾತ್ತನೆ ಕಡಿಮೆಯಾದರೆ, ಒತ್ತಡ ತುಂಬಿದ್ದ ಅಪೆಂಡಿಕ್ಸ್ ಒಡೆದಿರಬಹುದು. ಒಡೆದ ಕೂಡಲೇ ಒಂದಷ್ಟು ಹೊತ್ತು ಹಾಯೆನಿಸುತ್ತದೆ. ಆಮೇಲೆ ಕೀವು ಹೊಟ್ಟೆಯೊಳಗೆ ಹರಡಿ, ಇಡೀ ಹೊಟ್ಟೆ ಹಲಗೆಯಂತೆ ಬಿಗಿಯಾಗಿ, ಜ್ವರ ಏರಿ, ನಾಡಿ ಓಡತೊಡಗುತ್ತದೆ. ರಾತ್ರಿ ಅದೇ ಆಯಿತು. ಮೂರನೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಆಸ್ಪತ್ರೆ ಸೇರಿದಾಗ ಮೂವತ್ತಾರು ಗಂಟೆ ತುಂಬಿತ್ತು.

ಆ ಸಂಖ್ಯೆಗೆ ಕಾರಣವಿದೆ. 2006ರಲ್ಲಿ ಪ್ರಕಟವಾದ ನ್ಯೂಯಾರ್ಕ್‌ನ ಒಂದು ಅಧ್ಯಯನದಲ್ಲಿ, ನೋವು ಶುರುವಾದ ಮೊದಲ 36 ಗಂಟೆಗಳಲ್ಲಿ ಚಿಕಿತ್ಸೆ ಸಿಗದವರ ಅಪೆಂಡಿಕ್ಸ್ ಒಡೆಯುವ ಸಂಭವ ನೂರಕ್ಕೆ ಎರಡು ಅಥವಾ ಅದಕ್ಕಿಂತ ಕಡಿಮೆ ಇತ್ತು; ಆಮೇಲಿನ ಪ್ರತಿ 12 ಗಂಟೆಯಲ್ಲಿ ಒಡೆಯುವ ಸಂಭವ ನೂರಕ್ಕೆ ಸುಮಾರು ಐದರಷ್ಟಿತ್ತು. ಇದು ಸರಾಸರಿ. ಮಕ್ಕಳಲ್ಲಿ, ವಯಸ್ಸಾದವರಲ್ಲಿ ಇನ್ನೂ ಬೇಗ ಒಡೆಯಬಹುದು. ಆದ್ದರಿಂದ ನೋವು ಶುರುವಾದ ಗಂಟೆಯನ್ನು ಕ್ಯಾಲೆಂಡರಿನ ಮೇಲೋ ಫೋನಿನಲ್ಲೋ ಬರೆದಿಡಿ. ವೈದ್ಯರು ಕೇಳುವ ಮೊದಲ ಪ್ರಶ್ನೆ ಅದೇ, ಮತ್ತು “ನಿನ್ನೆ ಮೊನ್ನೆಯಿಂದ” ಎಂಬ ಉತ್ತರದಿಂದ ಅವರಿಗೆ ಉಪಯೋಗವಿಲ್ಲ.

ಹಂಪ್ಸ್ ಮೇಲೆ ಒಂದು ಪರೀಕ್ಷೆ

ಸವಳಂಗ ರಸ್ತೆಯವರಿಗೆಂದೇ ಹೇಳಿ ಮಾಡಿಸಿದಂತಿರುವ ಒಂದು ಅಧ್ಯಯನವಿದೆ. ನಡೆದದ್ದು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ, ಪ್ರಕಟವಾದದ್ದು 2012ರಲ್ಲಿ. ಅಪೆಂಡಿಕ್ಸ್ ಇರಬಹುದೆಂದು ಬಂದವರನ್ನೆಲ್ಲ ಒಂದು ಪ್ರಶ್ನೆ ಕೇಳಿದರು: ಬರುವಾಗ ಗಾಡಿ ರಸ್ತೆಯ ಉಬ್ಬು ಹತ್ತಿ ಇಳಿದಾಗ ನೋವು ಜಾಸ್ತಿಯಾಯಿತೇ? ಉಬ್ಬುಗಳ ಮೇಲೆ ಹಾದು ಬಂದಿದ್ದವರಲ್ಲಿ 34 ಮಂದಿಗೆ ಕೊನೆಗೆ ಅಪೆಂಡಿಸೈಟಿಸ್ (ಅಪೆಂಡಿಕ್ಸ್ ಉರಿಯೂತ) ಎಂದು ಖಚಿತವಾಯಿತು. ಆ 34ರಲ್ಲಿ 33 ಮಂದಿ ಹೌದು, ಜಾಸ್ತಿಯಾಯಿತು ಎಂದಿದ್ದರು. ಉರಿಯುತ್ತಿರುವ ಅಪೆಂಡಿಕ್ಸ್ ಹೊಟ್ಟೆಯ ಒಳಪದರಕ್ಕೆ ತಾಗುತ್ತದೆ. ಕುಲುಕಾಟದಲ್ಲಿ ಆ ಪದರ ಅಲುಗಿದಾಗ ಚುಚ್ಚುತ್ತದೆ. ಹಂಪ್ಸ್ ಮೇಲೆ ನೋವಾದ ಮಾತ್ರಕ್ಕೆ ಅಪೆಂಡಿಕ್ಸೇ ಎನ್ನಲಾಗದು, ಬೇರೆ ಕಾಯಿಲೆಗಳಲ್ಲೂ ಹಾಗಾಗುತ್ತದೆ. ನೋವೇ ಆಗದಿದ್ದರೆ ಅಪೆಂಡಿಕ್ಸ್ ಆಗಿರುವ ಸಾಧ್ಯತೆ ಕಡಿಮೆ, ಅಷ್ಟೇ. ಮನೆಯಲ್ಲೇ ಮಾಡಬಹುದಾದ ಸಣ್ಣ ರೂಪವೂ ಇದೆ: ಮಗುವಿಗೆ ಬಲಗಾಲಲ್ಲಿ ಕುಪ್ಪಳಿಸಲು ಹೇಳಿ, ದೊಡ್ಡವರಿಗೆ ಜೋರಾಗಿ ಕೆಮ್ಮಲು ಹೇಳಿ. ಮುಖ ಕಿವುಚಿ ಕೈ ಬಲ ಕೆಳಹೊಟ್ಟೆಗೆ ಹೋದರೆ ಚೀಲ ಕಟ್ಟಿಕೊಳ್ಳಿ.

ಫೋನಿನಲ್ಲಿ ವೈದ್ಯರನ್ನು ಕೇಳಿದರಾಗದೇ ಎಂಬ ಪ್ರಶ್ನೆ ಬರುತ್ತದೆ. ದೇಶದ ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಿದ್ದದ್ದು ಲಾಕ್‌ಡೌನ್ ಶುರುವಾದ ಆ ಮಾರ್ಚ್ 25ರಂದೇ, ಬಿ.ಪಿ., ಸಕ್ಕರೆ ಕಾಯಿಲೆಯವರಿಗೆ ಅದರಿಂದ ದೊಡ್ಡ ಉಪಕಾರವಾಯಿತು. ಹೊಟ್ಟೆನೋವಿಗೆ ಅದರ ಉಪಯೋಗ ಒಂದೇ, ಹೊರಡಬೇಕೇ ಬೇಡವೇ ಎಂದು ಕೇಳಲು. ಅಪೆಂಡಿಕ್ಸ್ ಪತ್ತೆಯಾಗುವುದು ಹೊಟ್ಟೆಯನ್ನು ಕೈಯಿಂದ ಒತ್ತಿ, ಒತ್ತಿದ್ದನ್ನು ಬಿಟ್ಟು, ರೋಗಿಯ ಮುಖ ನೋಡಿ. ಆಮೇಲೆ ರಕ್ತದ ಎಣಿಕೆ, ಆಮೇಲೆ ಸ್ಕ್ಯಾನಿಂಗ್. ವಿಡಿಯೊ ಕಾಲ್‌ನಲ್ಲಿ ಹೊಟ್ಟೆ ಒತ್ತಲು ಬರುವುದಿಲ್ಲ.

ಗಡಿ ದಾಟುವ ಹೊಟ್ಟೆನೋವು

ಸವಳಂಗ ರಸ್ತೆ ನಕ್ಷೆಯಲ್ಲಿ ಸರಳವಾಗಿ ಕಾಣುತ್ತದೆ. ಉಷಾ ನರ್ಸಿಂಗ್ ಹೋಂ ಸರ್ಕಲ್‌ನಿಂದ ನವುಲೆಯ ಕಾಲೇಜುಗಳನ್ನು ದಾಟಿ, ಕೃಷಿ ವಿಶ್ವವಿದ್ಯಾಲಯದ ಮುಂದೆ ಹಾದು, ಅಬ್ಬಲಗೆರೆ ಮೇಲೆ ಸವಳಂಗ. ಆದರೆ ಸವಳಂಗ ಇರುವುದು ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿ. ಅಲ್ಲಿನವರಿಗೆ ಹತ್ತಿರದ ದೊಡ್ಡ ಆಸ್ಪತ್ರೆ ಶಿವಮೊಗ್ಗ. ಅವರ ಜಿಲ್ಲಾಕೇಂದ್ರ ಅದರ ಎರಡು ಪಟ್ಟಿಗೂ ಹೆಚ್ಚು ದೂರ. ಸಾಮಾನ್ಯ ದಿನಗಳಲ್ಲಿ ಈ ಗಡಿ ಯಾರ ಗಮನಕ್ಕೂ ಬರುವುದಿಲ್ಲ. ಜಿಲ್ಲೆಯಿಂದ ಜಿಲ್ಲೆಗೆ ಓಡಾಟ ನಿಂತಾಗ ರಸ್ತೆಯ ಮಧ್ಯೆ ಒಂದು ಗೆರೆ ಎದ್ದು ನಿಂತಿತು.

ಇದರ ಕರಾಳ ರೂಪ ಕಂಡದ್ದು ಕೇರಳ ಗಡಿಯ ತಲಪಾಡಿಯಲ್ಲಿ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕ ಕೇರಳದ ಗಡಿ ಮುಚ್ಚಿದಾಗ, ದಶಕಗಳಿಂದ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನವರು ಆಂಬುಲೆನ್ಸ್‌ನಲ್ಲೇ ಸಿಕ್ಕಿಕೊಂಡರು. ಚಿಕಿತ್ಸೆ ಸಿಗದೆ ಸಾವುಗಳಾದವು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರೆಸಲು ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ತುರ್ತು ರೋಗಿಗಳನ್ನು ಬಿಡುವ ಕ್ರಮಕ್ಕೆ ಎಲ್ಲರೂ ಒಪ್ಪಿದ್ದಾರೆ ಎಂದು ಅಲ್ಲಿ ದಾಖಲಾಗಿ ಪ್ರಕರಣ ಮುಗಿದದ್ದು ಏಪ್ರಿಲ್ 7ಕ್ಕೆ. ಕಾನೂನಿನ ಲೆಕ್ಕದಲ್ಲಿ ಇದು ಶೀಘ್ರ ವಿಲೇವಾರಿ. ಊದಿದ ಅಪೆಂಡಿಕ್ಸ್‌ನ ಲೆಕ್ಕದಲ್ಲಿ ಅಷ್ಟು ಹೊತ್ತಿಗೆ ಒಡೆದು ಕೀವಾಗಿರುತ್ತದೆ.

ಕಲಿಯಬೇಕಾದದ್ದು ಇಷ್ಟು: ಎಂಥ ಬಿಗಿ ಲಾಕ್‌ಡೌನ್‌ನಲ್ಲೂ ವೈದ್ಯಕೀಯ ತುರ್ತಿಗೆ ವಿನಾಯಿತಿ ಬರೆದಿರುತ್ತದೆ. 2020ರ ಏಪ್ರಿಲ್‌ನ ಕೇಂದ್ರ ಮಾರ್ಗಸೂಚಿಯಲ್ಲಿ ಚಿಕಿತ್ಸೆಗಾಗಿ ಖಾಸಗಿ ವಾಹನ ಓಡಿಸಬಹುದಿತ್ತು. ಕಾರಾದರೆ ಚಾಲಕನ ಜೊತೆ ಹಿಂದಿನ ಸೀಟಿನಲ್ಲಿ ಒಬ್ಬರು, ಬೈಕಾದರೆ ಓಡಿಸುವವರು ಮಾತ್ರ. ಬೈಕಿನ ನಿಯಮ ಬರೆದವರು ಹೊಟ್ಟೆ ಹಿಡಿದುಕೊಂಡ ರೋಗಿಯೇ ಬೈಕ್ ಓಡಿಸಿಕೊಂಡು ಬರಲಿ ಎಂದುಕೊಂಡಿದ್ದರೋ ಏನೋ. ಅಂಥ ಹೊತ್ತಿನಲ್ಲಿ ಒಳ್ಳೆಯ ದಾರಿ 108 ಆಂಬುಲೆನ್ಸ್. ಆಂಬುಲೆನ್ಸನ್ನು ಬ್ಯಾರಿಕೇಡಿನಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವವರು ಕಡಿಮೆ. ಸ್ವಂತ ಗಾಡಿಯೇ ಆದರೆ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಒಂದು ಸಾಲಿನ ಚೀಟಿ ಬರೆಸಿಕೊಳ್ಳಿ, ಅದರಲ್ಲಿ ದಿನಾಂಕ, ಗಂಟೆ, “ತೀವ್ರ ಹೊಟ್ಟೆನೋವು, ಶಸ್ತ್ರಚಿಕಿತ್ಸಕರ ತಪಾಸಣೆಗೆ” ಎಂದಿರಲಿ. ಚೀಟಿಗಾಗಿ ಅರ್ಧ ದಿನ ಕಾಯಬೇಡಿ. ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಹೊರಡಿ.

ಭದ್ರಾವತಿಯವರ ಕಷ್ಟ ಬೇರೆ. ಅವರಿಗೆ ತಾಲ್ಲೂಕು ಆಸ್ಪತ್ರೆ ಹತ್ತಿರ, ಶಿವಮೊಗ್ಗ ಬಿ.ಎಚ್. ರಸ್ತೆಯಲ್ಲಿ ಇಪ್ಪತ್ತು ಕಿಲೊಮೀಟರ್ ಆಸುಪಾಸು. ದೂರ ಹೆಚ್ಚಲ್ಲ, ಅಲೆದಾಟವೇ ಹೆಚ್ಚು. ಇಲ್ಲಿ ಸರ್ಜನ್ ಇಲ್ಲ, ಅಲ್ಲಿ ಅರಿವಳಿಕೆ ವೈದ್ಯರು ಕೋವಿಡ್ ಡ್ಯೂಟಿಯಲ್ಲಿದ್ದಾರೆ, ಇನ್ನೊಂದು ಕಡೆ ಥಿಯೇಟರ್ ಮುಚ್ಚಿದೆ ಎಂದು ಸುತ್ತಿಸಿಕೊಳ್ಳುವ ಬದಲು ಹೊರಡುವ ಮುಂಚೆ ಫೋನಿನಲ್ಲಿ ಕೇಳಿಬಿಡಿ: ಈ ರಾತ್ರಿ ಶಸ್ತ್ರಚಿಕಿತ್ಸಕರು ಮತ್ತು ಅರಿವಳಿಕೆಯವರು ಇಬ್ಬರೂ ಸಿಗುತ್ತಾರೆಯೇ? ಆಪರೇಷನ್ ಥಿಯೇಟರ್ ನಡೆಯುತ್ತಿದೆಯೇ? ರೋಗಿಗೆ ಸೋಂಕು ಇದೆ ಎಂದು ಬಂದರೆ ಅಲ್ಲೇ ಆಪರೇಷನ್ ಮಾಡುತ್ತೀರೋ, ಬೇರೆಡೆ ಕಳಿಸುತ್ತೀರೋ? ರೋಗಿಯನ್ನು ಗಾಡಿ ಹತ್ತಿಸುತ್ತಿರುವಾಗಲೇ ಇನ್ನೊಬ್ಬರು ಈ ಫೋನ್ ಮಾಡಬಹುದು. ಎಲ್ಲೂ ಸರಿಯಾದ ಉತ್ತರ ಸಿಗದಿದ್ದರೆ ನೇರ ಮೆಗ್ಗಾನ್. ಸಾಗರ ರಸ್ತೆಯ ಈ ಬೋಧನಾ ಆಸ್ಪತ್ರೆ ಕೋವಿಡ್ ಕಾಲದಲ್ಲಿ ಜಿಲ್ಲೆಯ ಸೋಂಕಿತರ ಮುಖ್ಯ ಆಸರೆಯಾಗಿತ್ತು, ಅದಕ್ಕಾಗಿಯೇ ಜನ ಅದರ ಹತ್ತಿರ ಹೋಗಲು ಅಂಜಿದರು. ಆದರೆ ಸೋಂಕಿತರಿಗೆ ಬೇರೆ ವಿಭಾಗ ಮಾಡಿಕೊಂಡು, ಸೋಂಕಿನ ಶಿಸ್ತು ಅಭ್ಯಾಸವಾಗಿರುವ ದೊಡ್ಡ ಆಸ್ಪತ್ರೆ, ಮುಂಜಾಗ್ರತೆಯೇ ಇಲ್ಲದ ಇಕ್ಕಟ್ಟಿನ ಸಣ್ಣ ಕ್ಲಿನಿಕ್ಕಿಗಿಂತ ಅಪಾಯಕಾರಿ ಎಂದು ನಾನು ಒಪ್ಪುವುದಿಲ್ಲ.

ಬಾಗಿಲಲ್ಲಿ ಕಾಯಿಸಿದರೆ

“ಮೊದಲು ಕೋವಿಡ್ ರಿಪೋರ್ಟ್ ತನ್ನಿ” ಎಂಬ ಮಾತು ಆ ಎರಡು ವರ್ಷಗಳಲ್ಲಿ ಎಷ್ಟು ಬಾಗಿಲುಗಳಲ್ಲಿ ಕೇಳಿಬಂದಿತೋ. ನಿಯಮ ಹಾಗಿರಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2020ರ ಮೇ 18ರ ಪರೀಕ್ಷಾ ಸೂಚನೆಯಲ್ಲೇ, ಹೆರಿಗೆಯೂ ಸೇರಿದಂತೆ ಯಾವ ತುರ್ತು ಚಿಕಿತ್ಸೆಯನ್ನೂ ಪರೀಕ್ಷೆ ಆಗಿಲ್ಲವೆಂದು ತಡಮಾಡಬಾರದು, ಅಗತ್ಯವಿದ್ದರೆ ಮಾದರಿಯನ್ನು ಜೊತೆಜೊತೆಗೇ ಕಳಿಸಬಹುದು ಎಂದಿತ್ತು. ಅದಕ್ಕೂ ಹಿಂದೆ, 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜೀವ ಉಳಿಸುವ ತುರ್ತು ಚಿಕಿತ್ಸೆ ಸರ್ಕಾರಿ, ಖಾಸಗಿ ಎನ್ನದೆ ಪ್ರತಿಯೊಬ್ಬ ವೈದ್ಯರ ಕರ್ತವ್ಯ ಎಂದಿದೆ. ಬಾಗಿಲಲ್ಲಿ ನಿಂತು ತೀರ್ಪು ಓದಿ ಹೇಳಿದರೆ ಜಗಳವಾಗುತ್ತದೆ. “ಸ್ಯಾಂಪಲ್ ತಗೊಳ್ಳಿ ಸಾರ್, ಅದು ಬರೋ ತನಕ ಸರ್ಜನ್ ಒಂದ್ಸಲ ಹೊಟ್ಟೆ ನೋಡ್ಲಿ, ಡ್ರಿಪ್ ಹಾಕ್ಲಿ” ಎಂದರೆ ಕೆಲಸವಾಗುತ್ತದೆ. ನೋಡಿದ ಗಂಟೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ.

ಹೊರಟ ಕ್ಷಣದಿಂದ ಬಾಯಿಗೆ ಏನೂ ಬೇಡ: ಗಂಜಿಯಿಲ್ಲ, ಎಳನೀರಿಲ್ಲ, ಕಾಫಿಯಂತೂ ಇಲ್ಲ. ಅರಿವಳಿಕೆಗೆ ಹೊಟ್ಟೆ ಖಾಲಿ ಇರಬೇಕು; ಗಟ್ಟಿ ಆಹಾರವಾದರೆ ಆರು ಗಂಟೆಯ ಅಂತರ ಕೇಳುತ್ತಾರೆ. “ಪಾಪ, ಸುಸ್ತಾಗಿದಾನೆ” ಎಂದು ದಾರಿಯಲ್ಲಿ ತಿನ್ನಿಸಿದ ಎರಡು ಇಡ್ಲಿ ಆಪರೇಷನ್ನನ್ನು ಸಂಜೆಗೆ ದೂಡಬಲ್ಲದು. ಚೀಲದಲ್ಲಿ ಆಧಾರ್, ರೇಷನ್ ಕಾರ್ಡ್, ಆಯುಷ್ಮಾನ್ ಕಾರ್ಡ್, ದಿನವೂ ನುಂಗುವ ಮಾತ್ರೆಗಳ ಪಟ್ಟಿ, ಲಸಿಕೆಯ ಪ್ರಮಾಣಪತ್ರ ಇರಲಿ. ಹೆಣ್ಣುಮಕ್ಕಳಾದರೆ ಕಳೆದ ಮುಟ್ಟಿನ ದಿನಾಂಕ ಹೇಳಲು ಸಂಕೋಚ ಬೇಡ. ಗರ್ಭಕೋಶದ ಹೊರಗೆ ನಿಂತ ಗರ್ಭ, ತಿರುಚಿಕೊಂಡ ಅಂಡಾಶಯ ಎರಡೂ ಇದೇ ಜಾಗದಲ್ಲಿ ಇದೇ ರೀತಿ ನೋಯುತ್ತವೆ. ಫೋನ್ ಚಾರ್ಜರ್ ಮರೆಯಬೇಡಿ. ಸಾಂಕ್ರಾಮಿಕದಲ್ಲಿ ರೋಗಿಯ ಜೊತೆ ಒಬ್ಬರನ್ನೂ ಬಿಡದ ವಾರ್ಡುಗಳಿರುತ್ತವೆ, ಆಗ ಆ ಫೋನೇ ರೋಗಿಯ ಮನೆಮಂದಿ.

ದುಡ್ಡಿನ ಮಾತು ಚಿಕ್ಕದಾಗಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದವರೆಗೆ ಎಂದು ಯೋಜನೆ ಶುರುವಾಯಿತು. ಖಾಸಗಿಯಲ್ಲಿ ಇದನ್ನು ಬಳಸಲು ಹಲವು ಚಿಕಿತ್ಸೆಗಳಿಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು, ತುರ್ತಿನ ಕೆಲವಕ್ಕೆ ಬೇಡ. ದಾಖಲಾಗುವ ಮುಂಚೆಯೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ. ಬಿಲ್ ಆದ ಮೇಲೆ ಕೇಳಿದರೆ ಅವರೂ ಏನೂ ಮಾಡಲಾರರು. ಪಿಪಿಇ ಕಿಟ್, ಎದೆಯ ಸಿ.ಟಿ. ಸ್ಕ್ಯಾನ್ ಎಂದು ಸೇರುವ ಬಾಬ್ತುಗಳನ್ನೂ ಮೊದಲೇ ಕೇಳಿಕೊಳ್ಳಿ.

ಕತ್ತರಿಯೋ, ಮಾತ್ರೆಯೋ?

ಕೋವಿಡ್ ಬದಲಿಸಿದ ದೊಡ್ಡ ಸಂಗತಿ ಇದು. ನೂರು ವರ್ಷಕ್ಕೂ ಹೆಚ್ಚು ಕಾಲ ಅಪೆಂಡಿಕ್ಸ್‌ಗೆ ಒಂದೇ ಮದ್ದು, ಕೊಯ್ದು ತೆಗೆಯುವುದು. 1961ರಲ್ಲಿ ಅಂಟಾರ್ಕ್ಟಿಕಾದಲ್ಲಿ ಸಿಕ್ಕಿಕೊಂಡ ಸೋವಿಯತ್ ವೈದ್ಯ ಲಿಯೊನಿಡ್ ರೊಗೊಜೊವ್ ಬೇರೆ ದಾರಿಯಿಲ್ಲದೆ ತನ್ನ ಅಪೆಂಡಿಕ್ಸನ್ನು ತಾನೇ ಕೊಯ್ದು ತೆಗೆದ. 2020ರ ಮಾರ್ಚ್‌ನಲ್ಲಿ ಬ್ರಿಟನ್ನಿನ ಶಸ್ತ್ರಚಿಕಿತ್ಸಕರ ಸಂಸ್ಥೆಗಳು, ಆಗುವಂತಿದ್ದರೆ ಆಪರೇಷನ್ ಬಿಟ್ಟು ಆಂಟಿಬಯೋಟಿಕ್ ಕೊಡುವುದನ್ನು ಯೋಚಿಸಿ, ಲ್ಯಾಪರೊಸ್ಕೋಪಿ ಆರಿಸಿದ ಕೆಲವರಿಗೆ ಮಾತ್ರ ಎಂದವು. ಲ್ಯಾಪರೊಸ್ಕೋಪಿಯಲ್ಲಿ ಹೊಟ್ಟೆಗೆ ಅನಿಲ ತುಂಬುತ್ತಾರೆ, ಅದು ಹೊರಬರುವಾಗ ವೈರಸ್ ಹರಡೀತೆಂಬ ಅಳುಕು. ಮುಂದೆ ಆ ಅಳುಕು ಸಡಿಲವಾಯಿತು. ಆದರೆ ಮಾತ್ರೆಯ ದಾರಿ ಉಳಿದುಕೊಂಡಿತು.

ಅದಕ್ಕೆ ಆಧಾರವೂ ಸಿಕ್ಕಿತು. ಅಮೆರಿಕದ 25 ಆಸ್ಪತ್ರೆಗಳಲ್ಲಿ 1552 ರೋಗಿಗಳ ಮೇಲೆ ನಡೆದ ಕೋಡಾ ಅಧ್ಯಯನ 2020ರ ಅಕ್ಟೋಬರ್‌ನಲ್ಲಿ ಹೊರಬಂತು. ಆಂಟಿಬಯೋಟಿಕ್ ಪಡೆದವರಲ್ಲಿ ಹತ್ತಕ್ಕೆ ಏಳು ಮಂದಿಗೆ ಮೊದಲ 90 ದಿನ ಆಪರೇಷನ್ ಬೇಕಾಗಲಿಲ್ಲ. ಇದನ್ನು ಓದಿ ಹಿಗ್ಗುವ ಮುಂಚೆ ಉಳಿದದ್ದನ್ನೂ ಓದಬೇಕು. ಅಪೆಂಡಿಕ್ಸ್ ಒಳಗೆ ಕಲ್ಲಿನಂಥ ಉಂಡೆ ಇದ್ದವರಲ್ಲಿ ಹತ್ತಕ್ಕೆ ನಾಲ್ವರಿಗೆ ಆ 90 ದಿನಗಳಲ್ಲೇ ಆಪರೇಷನ್ ಆಯಿತು. ವರ್ಷಗಳು ಕಳೆದಂತೆ ಒಟ್ಟಾರೆ ಅರ್ಧದಷ್ಟು ಮಂದಿ ಆಪರೇಷನ್ ಟೇಬಲ್ ತಲುಪಿದರು. ಫಿನ್ಲೆಂಡಿನ ಇಂಥದೇ ಅಧ್ಯಯನದಲ್ಲಿ ಐದು ವರ್ಷಕ್ಕೆ ಸುಮಾರು ಶೇ 39ರಷ್ಟು ಮಂದಿಗೆ ಕಾಯಿಲೆ ಮರಳಿತ್ತು. ಮಾತ್ರೆ ತೆಗೆದುಕೊಂಡವರಲ್ಲಿ ಹಲವರ ಪಾಲಿಗೆ ಆಪರೇಷನ್ ತಪ್ಪುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಆಸ್ಪತ್ರೆಯಲ್ಲಿ ಹಾಸಿಗೆ, ಆಕ್ಸಿಜನ್‌ಗೆ ಪರದಾಡುವ 2021ರ ಮೇ ತಿಂಗಳಂಥ ಹೊತ್ತಿನಲ್ಲಿ ಮುಂದಕ್ಕೆ ಹೋಗುವುದೂ ಲಾಭವೇ.

ಸ್ಕ್ಯಾನಿಂಗ್ ಆಗದೆ ಈ ದಾರಿ ಹಿಡಿಯುವಂತಿಲ್ಲ. ಒಡೆದಿಲ್ಲ, ಉಂಡೆಯಿಲ್ಲ, ಕೀವಿಲ್ಲ ಎಂದು ಖಚಿತವಾಗಬೇಕು. ಮೊದಲ ಡೋಸುಗಳು ರಕ್ತನಾಳದ ಮೂಲಕ, ವೈದ್ಯರ ಕಣ್ಣೆದುರು. ಒಂದೆರಡು ದಿನದಲ್ಲಿ ಇಳಿಯದಿದ್ದರೆ ಕತ್ತರಿಯೇ. ಬಸುರಿಯರಿಗೆ ಸಾಮಾನ್ಯವಾಗಿ ಆಪರೇಷನ್ನನ್ನೇ ಹೇಳುತ್ತಾರೆ. ತಡವಾಗಿ ಒಡೆದರೆ ಮಗುವಿಗೆ ಆಗುವ ಅಪಾಯ ಆಪರೇಷನ್ನಿನದಕ್ಕಿಂತ ದೊಡ್ಡದು. ಮೂರ್ನಾಲ್ಕು ದಿನ ತಡವಾಗಿ ಬಂದವರಲ್ಲಿ ಕರುಳು, ಕೊಬ್ಬು ಎಲ್ಲ ಸುತ್ತಿ ಗಡ್ಡೆ ಕಟ್ಟಿರುತ್ತದೆ. ಅಂಥವರಿಗೆ ತಕ್ಷಣ ಕೊಯ್ಯದೆ ಔಷಧಿ ಕೊಟ್ಟು, ಕೀವಿದ್ದರೆ ನಳಿಕೆಯಿಂದ ತೆಗೆದು, ಆರೆಂಟು ವಾರದ ನಂತರ ಆಪರೇಷನ್ ಬೇಕೇ ಎಂದು ತೀರ್ಮಾನಿಸುವುದು ವಾಡಿಕೆ. “ನೋಡಿ, ಹಾಗೇ ಕಳಿಸಿಬಿಟ್ರು” ಎಂದು ತಪ್ಪು ತಿಳಿಯಬೇಡಿ.

ರೋಗಿಗೇ ಕೋವಿಡ್ ಇದ್ದರೆ? 2020ರ ಮೇ ತಿಂಗಳಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಕೋವಿಡ್‌ಸರ್ಜ್ ವರದಿ ಎಲ್ಲರನ್ನೂ ಬೆಚ್ಚಿಬೀಳಿಸಿತ್ತು: 24 ದೇಶಗಳ 1128 ಸೋಂಕಿತರಲ್ಲಿ, ಶಸ್ತ್ರಚಿಕಿತ್ಸೆಯ 30 ದಿನದೊಳಗೆ ಸತ್ತವರು ಶೇ 23.8. ಅದು ಲಸಿಕೆ ಇಲ್ಲದ ಕಾಲದ, ಎಲ್ಲ ಬಗೆಯ ಆಪರೇಷನ್‌ಗಳನ್ನು ಸೇರಿಸಿದ ಲೆಕ್ಕ. ಇಪ್ಪತ್ತರ ಹುಡುಗನ ಅಪೆಂಡಿಕ್ಸ್‌ಗೆ ಅದನ್ನು ಹಾಗೇ ಅಂಟಿಸಬಾರದು. ಸೋಂಕಾದ ಏಳು ವಾರ ಆಪರೇಷನ್ ಬೇಡ ಎಂದು ಆಮೇಲೆ ಬಂದ ಸಲಹೆಯೂ ಮುಂಚಿತವಾಗಿ ದಿನ ಗೊತ್ತುಮಾಡುವ ಶಸ್ತ್ರಚಿಕಿತ್ಸೆಗೆ ಮಾತ್ರ ಇತ್ತು. ಒಡೆದ ಅಪೆಂಡಿಕ್ಸ್ ಏಳು ವಾರ ಬಿಡಿ, ಏಳು ಗಂಟೆ ಕೊಟ್ಟರೂ ಹೆಚ್ಚು. ಸೋಂಕು ಮುಚ್ಚಿಟ್ಟರೆ ಮಾತ್ರ ಕೆಡುಕು: ಬೆನ್ನಿಗೆ ಚುಚ್ಚಿ ಅರಿವಳಿಕೆ ಕೊಡುವುದೋ, ಗಂಟಲಿಗೆ ನಳಿಕೆ ಹಾಕುವುದೋ, ಯಾವ ವಾರ್ಡು ಎಂಬ ತೀರ್ಮಾನಗಳೆಲ್ಲ ಅದರ ಮೇಲೆ ನಿಂತಿರುತ್ತವೆ.

ಮಕ್ಕಳಲ್ಲಿ ಇನ್ನೊಂದು ತೊಡಕಿದೆ. ಕೋವಿಡ್ ಬಂದು ಹೋದ ಎರಡರಿಂದ ಆರು ವಾರದಲ್ಲಿ ಕೆಲವು ಮಕ್ಕಳಿಗೆ ಬಹು ಅಂಗಾಂಗಗಳ ಉರಿಯೂತ ಬರುತ್ತದೆ. ಜೋರು ಹೊಟ್ಟೆನೋವು, ವಾಂತಿ, ಜ್ವರ ಕಂಡು ಅಪೆಂಡಿಕ್ಸ್ ಎಂದು ಥಿಯೇಟರಿಗೆ ಒಯ್ದ ಪ್ರಕರಣಗಳು ಹಲವು ದೇಶಗಳಲ್ಲಿ ವರದಿಯಾಗಿವೆ. ಕಣ್ಣು ಕೆಂಪಗಿದ್ದರೆ, ಮೈಮೇಲೆ ದದ್ದು ಎದ್ದಿದ್ದರೆ, ತುಟಿ ಕೆಂಪಾಗಿ ಬಿರುಕು ಬಿಟ್ಟಿದ್ದರೆ, ಜ್ವರ ನೋವಿಗಿಂತ ಎಷ್ಟೋ ದಿನ ಮುಂಚೆ ಶುರುವಾಗಿದ್ದರೆ ವೈದ್ಯರಿಗೆ ತಪ್ಪದೆ ಹೇಳಿ. “ಹೋದ ತಿಂಗಳು ಮನೆಯಲ್ಲಿ ಎಲ್ಲರಿಗೂ ನೆಗಡಿಯಾಗಿತ್ತು” ಎಂಬ ಒಂದು ಮಾತು ಮಗುವನ್ನು ಬೇಡದ ಆಪರೇಷನ್ನಿನಿಂದ ಪಾರುಮಾಡಬಹುದು. ವಯಸ್ಸಾದವರು, ಸಕ್ಕರೆ ಕಾಯಿಲೆಯವರದು ಇದರ ತದ್ವಿರುದ್ಧ: ಒಳಗೆ ಒಡೆದಿದ್ದರೂ ಜ್ವರ ಹೆಚ್ಚಿರುವುದಿಲ್ಲ, ನೋವೂ ಮಂದ. ಅವರು “ಸ್ವಲ್ಪ ಹೊಟ್ಟೆ ಸರಿಯಿಲ್ಲ” ಎಂದರೆ ಅದನ್ನು ದೊಡ್ಡದೆಂದೇ ಎಣಿಸಿ.

ಸಾಂಕ್ರಾಮಿಕದಲ್ಲಿ ಬೇಗ ಮನೆಗೆ ಕಳಿಸುತ್ತಾರೆ, ಅದು ಒಳ್ಳೆಯದೇ. ಒಡೆಯದ ಅಪೆಂಡಿಕ್ಸ್‌ಗೆ ಲ್ಯಾಪರೊಸ್ಕೋಪಿ ಆದವರು ಒಂದೆರಡು ದಿನದಲ್ಲಿ ಮನೆಯಲ್ಲಿರುತ್ತಾರೆ, ಒಡೆದವರಿಗೆ ವಾರವೂ ಹಿಡಿಯಬಹುದು. ಮನೆಗೆ ಬಂದ ನಾಲ್ಕೈದು ದಿನಕ್ಕೆ ಮತ್ತೆ ಜ್ವರ ಬಂದರೆ, ಹೊಟ್ಟೆ ಉಬ್ಬರಿಸಿದರೆ, ಗಾಯ ಕೆಂಪಾಗಿ ಒಸರಿದರೆ ಅದನ್ನು ಕೋವಿಡ್ ಖಾತೆಗೆ ಹಾಕಿ ಕೋಣೆ ಸೇರಬೇಡಿ. ಒಳಗೆ ಕೀವು ಉಳಿದಾಗಲೂ ಹೀಗೇ ಆಗುತ್ತದೆ. ಎರಡಕ್ಕೂ ಪರೀಕ್ಷೆಯಾಗಲಿ, ಮತ್ತು ಆಪರೇಷನ್ ಮಾಡಿದ ವೈದ್ಯರಿಗೆ ಅದೇ ದಿನ ತಿಳಿಸಿ.

ಇನ್ನು 2020, 2021ರಲ್ಲಿ ಆಪರೇಷನ್ ಇಲ್ಲದೆ ಇಂಜೆಕ್ಷನ್ ಮಾತ್ರೆಯಲ್ಲೇ ಗುಣವಾದವರಿಗೆ ಒಂದು ಮಾತು. ನಿಮ್ಮ ಅಪೆಂಡಿಕ್ಸ್ ಇನ್ನೂ ಒಳಗೇ ಇದೆ. ಆಗಿನ ಡಿಸ್ಚಾರ್ಜ್ ಚೀಟಿ, ಸ್ಕ್ಯಾನಿಂಗ್ ರಿಪೋರ್ಟ್ ಹುಡುಕಿ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಆಗ ನಲವತ್ತು ದಾಟಿದ್ದವರಾದರೆ, ಅಪೆಂಡಿಕ್ಸ್‌ನಲ್ಲಿ ಅಪರೂಪಕ್ಕೆ ಗೆಡ್ಡೆ ಅಡಗಿರುವುದುಂಟು, ಅದಕ್ಕೆ ಮತ್ತೆ ಸಿ.ಟಿ., ಕೊಲೊನೊಸ್ಕೋಪಿ ಬೇಕೇ ಎಂದು ಶಸ್ತ್ರಚಿಕಿತ್ಸಕರನ್ನು ಕೇಳಿ. ಆ ಗಡಿಬಿಡಿಯಲ್ಲಿ ಮರುತಪಾಸಣೆಗೆ ಹೋಗದವರು ಬಹಳ ಜನ. ನೋವು ಮತ್ತೆ ಅದೇ ಜಾಗದಲ್ಲಿ ಕಾಣಿಸಿಕೊಂಡರೆ ಕಷಾಯ ಕಾಯಿಸದೆ ನೇರ ಆಸ್ಪತ್ರೆಗೆ ಬನ್ನಿ, ಆ ಫೋಟೊ ತೋರಿಸಿ.